ವಜಾ ಆದ ಮಾತ್ರಕ್ಕೆ ಸಾಹೇಬ್ರು ಗೆದ್ದಂತಲ್ಲ!

ಅಧಿಕಾರಿಯ ಮೇಲೆ ಹೂಡಿದ ದಾವೆ ತಾಲ್ಲೂಕು ಕೋರ್ಟಿನಲ್ಲಿ ವಜಾ ಆದರೆ, ಆ ಸುದ್ದಿ ಊರು ಮುಟ್ಟುವುದಕ್ಕೆ ಸಾಯಂಕಾಲದ ಬಸ್ಸು ಸಾಕು. ಹೊಸದುರ್ಗವಾಗಲಿ, ಹೊಳಲ್ಕೆರೆಯಾಗಲಿ, ಮಾರನೇ ಬೆಳಗ್ಗೆ ಟೀ ಅಂಗಡಿಯಲ್ಲಿ ತೀರ್ಪಿನ ಮೇಲೊಂದು ತೀರ್ಪು ಬಂದೇ ಬರುತ್ತದೆ. "ಸರ್ಕಾರದ ಮೇಲೆ ಕೇಸು ಹಾಕಿ ಗೆದ್ದೋರು ಯಾರವ್ರೆ? ಸುಮ್ನಿರಬೇಕಿತ್ತು" ಎಂದು ಒಬ್ಬರು ಅಂದರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಅತ್ತ ಕಚೇರಿಯಲ್ಲಿ ಸಾಹೇಬರು ವಜಾ ಆದ ಕಾಗದವನ್ನೇ ಸನ್ನಡತೆಯ ಸರ್ಟಿಫಿಕೇಟಿನಂತೆ ಫೈಲಿಗೆ ಸೇರಿಸಿಕೊಳ್ಳುತ್ತಾರೆ. ಇತ್ತ ದಾವೆ ಹಾಕಿದವನು ಅಂಗಡಿ ಬಾಗಿಲು ಅರ್ಧ ತೆಗೆದು ಕೂತು, ಹೋದ ದುಡ್ಡಿನ ಲೆಕ್ಕ ಹಾಕುತ್ತಾನೆ.

ಈ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಿದ್ದಾರೆ. ವಜಾ ಎಂದರೆ 'ಅಧಿಕಾರಿ ಮಾಡಿದ್ದು ಸರಿ' ಎಂದು ಕೋರ್ಟು ಹೇಳಿತು ಅಂತ ಯಾವಾಗಲೂ ಅರ್ಥವಲ್ಲ. ಅಧಿಕಾರಿಗಳ ಮೇಲಿನ ದಾವೆಗಳಲ್ಲಿ ಎಷ್ಟೋ ಬಾರಿ ನ್ಯಾಯ ಅನ್ಯಾಯದ ಮಾತು ಶುರುವಾಗುವುದೇ ಇಲ್ಲ. ದಾವೆ ಹೊಸ್ತಿಲಲ್ಲೇ ಮುಗ್ಗರಿಸಿ ಬಿದ್ದಿರುತ್ತದೆ. ಹೊಸ್ತಿಲಲ್ಲಿ ಬಿದ್ದವನು ಎದ್ದು ಒಳಗೆ ಹೋಗಬಹುದು. ಆದರೆ ಏಳುವುದಕ್ಕೆ ಕಾನೂನು ಕೊಟ್ಟಿರುವ ವಾಯಿದೆ ಬಲು ಚಿಕ್ಕದು. ಆ ವಾಯಿದೆ ಟೀ ಅಂಗಡಿಯ ಚರ್ಚೆಯಲ್ಲೇ ಕಳೆದುಹೋಗುವುದು ನಮ್ಮ ಜಿಲ್ಲೆಯ ನಿಜವಾದ ಕಷ್ಟ.

ಗೆದ್ದವರು ಇದ್ದಾರೆ

"ಗೆದ್ದೋರು ಯಾರವ್ರೆ" ಎಂಬ ಪ್ರಶ್ನೆಗೆ ಮೊದಲು ಉತ್ತರ ಹುಡುಕೋಣ. ಅದೂ ವ್ಯಾಪಾರಸ್ಥರ ಕೇಸುಗಳಲ್ಲೇ.

ಮೊದಲನೆಯದು ಸೋತವನ ಕಥೆ. 1947ರ ಸೆಪ್ಟೆಂಬರಿನಲ್ಲಿ ಅಮೃತಸರದ ಚಿನ್ನ ಬೆಳ್ಳಿ ವ್ಯಾಪಾರಿಯೊಬ್ಬರು ಉತ್ತರ ಪ್ರದೇಶದ ಮೀರತ್‌ಗೆ ಮಾಲು ಮಾರಲು ಹೋಗಿದ್ದರು. ಕಳ್ಳ ಮಾಲಿರಬಹುದೆಂಬ ಶಂಕೆಯ ಮೇಲೆ ಪೊಲೀಸರು ಹಿಡಿದು ಠಾಣೆಯಲ್ಲಿ ಕೂಡಿಸಿದರು. ನೂರು ತೊಲಕ್ಕೂ ಮೇಲ್ಪಟ್ಟ ಚಿನ್ನವನ್ನೂ ಬೆಳ್ಳಿಯನ್ನೂ ವಶಪಡಿಸಿಕೊಂಡರು. ಮಾರನೇ ದಿನ ಮನುಷ್ಯನನ್ನು ಬಿಟ್ಟರು. ಆಮೇಲೆ ಬೆಳ್ಳಿ ವಾಪಸು ಬಂತು, ಚಿನ್ನ ಬರಲಿಲ್ಲ. ಠಾಣೆಯ ಮಾಲ್‌ಖಾನೆ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಚಿನ್ನ ಲಪಟಾಯಿಸಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ! ವ್ಯಾಪಾರಿ ದಾವೆ ಹೂಡಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಹೈಕೋರ್ಟಿನಲ್ಲಿ ಸೋತರು. 1964ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಬಂಧಿಸುವುದು, ಮಾಲು ಜಪ್ತಿ ಮಾಡುವುದು ಆಳುವ ಅಧಿಕಾರದ ಕೆಲಸ. ಅದರಲ್ಲಿ ನೌಕರ ತಪ್ಪಿದರೆ ಸರ್ಕಾರ ಹಣ ಕಟ್ಟಿಕೊಡಬೇಕಿಲ್ಲ ಎಂದಿತು ಕೋರ್ಟು. ಇದು ಕಸ್ತೂರಿಲಾಲ್ ಕೇಸು ಎಂದೇ ಹೆಸರಾಯಿತು. ಇಂಥ ನಷ್ಟಕ್ಕೆ ಶಾಸನ ಮಾಡಿ ದಾರಿ ತೋರಿಸಬೇಕೆಂದು ಅದೇ ತೀರ್ಪು ಹೇಳಿತ್ತು. ಆ ಶಾಸನ ಇವತ್ತಿಗೂ ಬಂದಿಲ್ಲ.

ಎರಡನೆಯದು ನಮ್ಮದೇ ರಾಜ್ಯದ್ದು. ಇನ್ನೂ ಮೈಸೂರು ರಾಜ್ಯ ಎಂಬ ಹೆಸರಿದ್ದ ಕಾಲದ ಕೇಸು. ಒಬ್ಬ ಹೆಣ್ಣುಮಗಳ ಮನೆಯಲ್ಲಿ ಒಡವೆ ಕಳವಾಯಿತು. ಪೊಲೀಸರು ಕಳ್ಳಮಾಲು ಪತ್ತೆ ಹಚ್ಚಿದರು, ಅಲ್ಲಿಗೆ ಶಹಬ್ಬಾಸ್. ಒಡವೆಗಳನ್ನು ಠಾಣೆಯ ಟ್ರಂಕಿನಲ್ಲಿ ಇಟ್ಟರು. ಕೊನೆಗೆ ಟ್ರಂಕಿನಲ್ಲಿ ಒಡವೆಯೇ ಇಲ್ಲ! ಕಳ್ಳನ ಕೈಯಿಂದ ತಪ್ಪಿದ ಬಂಗಾರ ಠಾಣೆಯಲ್ಲಿ ಮಾಯವಾಯಿತು. "ಒಡವೆ ಇಲ್ಲದಿದ್ದರೆ ಅದರ ಬೆಲೆಯನ್ನಾದರೂ ಕೊಡಿಸಿ" ಎಂದು ಆಕೆ ಕೇಳಿದರೆ ಕೆಳಗಿನ ಕೋರ್ಟು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಆಕೆ ಬಿಡಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಅಪೀಲು ಒಪ್ಪಿತು. ಪೊಲೀಸರು ವಶಕ್ಕೆ ಪಡೆದ ಮಾಲನ್ನು ಅಗತ್ಯಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳಬಾರದು; ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸಲಾಗದೆ ಮಾಲು ಕಳೆದರೆ ಅದರ ಬೆಲೆ ಕೊಡಿಸಬಹುದು ಎಂದು ಸಾರಿತು. ಇವತ್ತು ಠಾಣೆಯಲ್ಲಿ ತುಕ್ಕು ಹಿಡಿಯುವ ಬೈಕು, ಲಾರಿ ಬಿಡಿಸಿಕೊಳ್ಳಲು ಹೋಗುವ ವಕೀಲರು ಬಾಯಿಪಾಠ ಒಪ್ಪಿಸುವುದು ಈ ತೀರ್ಪನ್ನೇ.

ಮೂರನೆಯದು ಪಕ್ಕದ ಆಂಧ್ರದ ಗೊಬ್ಬರ ಮತ್ತು ದವಸದ ಅಂಗಡಿಯದು. 1975ರಲ್ಲಿ ಅಧಿಕಾರಿಗಳು ಅಂಗಡಿಗೆ ಬಂದು ಅವಶ್ಯಕ ವಸ್ತುಗಳ ಕಾಯ್ದೆಯ ಹೆಸರಲ್ಲಿ ದಾಸ್ತಾನು ಜಪ್ತಿ ಮಾಡಿದರು. ವಿಚಾರಣೆ ಮುಗಿದು ಮಾಲು ಬಿಡಿ ಎಂಬ ಆದೇಶ ಬರುವಷ್ಟರಲ್ಲಿ ಗೊಬ್ಬರ ಕೆಟ್ಟು ಕೂತಿತ್ತು. ಮಾಲೀಕರು ನಷ್ಟಕ್ಕೆ ದಾವೆ ಹೂಡಿ ಕೆಳಗೆ ಗೆದ್ದರು. ಹೈಕೋರ್ಟು ಕಸ್ತೂರಿಲಾಲ್ ತೀರ್ಪನ್ನು ನಂಬಿ ಡಿಕ್ರಿ ರದ್ದು ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟಿನ ಡಿಕ್ರಿಯನ್ನೇ ಎತ್ತಿಹಿಡಿಯಿತು. ಅಧಿಕಾರಿಯ ನಿರ್ಲಕ್ಷ್ಯದಿಂದ ಪ್ರಜೆಗೆ ನಷ್ಟವಾದರೆ 'ಆಳುವ ಅಧಿಕಾರ' ಎಂಬ ಹಳೇ ಗುರಾಣಿ ಹಿಡಿದು ಸರ್ಕಾರ ಅವಿತುಕೊಳ್ಳುವಂತಿಲ್ಲ ಎಂದಿತು.

1964ರಲ್ಲಿ ಮುಚ್ಚಿದ್ದ ಬಾಗಿಲು 1994ರ ಹೊತ್ತಿಗೆ ಬಹುಪಾಲು ತೆರೆದಿತ್ತು. ತೆರೆದದ್ದು ಯಾವ ಮಂತ್ರಿಯೂ ಅಲ್ಲ, ಯಾವ ಮಸೂದೆಯೂ ಅಲ್ಲ. ಸೋತ ಮೇಲೂ ಅಪೀಲು ಹಾಕಿದ ಒಬ್ಬ ಹೆಣ್ಣುಮಗಳು, ಒಬ್ಬ ಅಂಗಡಿಯವರು.

ದಾವೆ ಮುಗ್ಗರಿಸುವುದು ಎಲ್ಲಿ?

ಹಾಗಾದರೆ ನಮ್ಮ ಕಡೆಯ ದಾವೆಗಳು ಯಾಕೆ ಬೀಳುತ್ತವೆ? ಮುಖ್ಯವಾಗಿ ಮೂರು ಕಡೆ ಎಡವುತ್ತವೆ.

ಒಂದು, ನೋಟೀಸು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ, ಸರ್ಕಾರದ ಮೇಲೆ ಅಥವಾ ಹುದ್ದೆಯ ಹೆಸರಲ್ಲಿ ಮಾಡಿದ ಕೆಲಸಕ್ಕಾಗಿ ಅಧಿಕಾರಿಯ ಮೇಲೆ ದಾವೆ ಹೂಡುವ ಮುಂಚೆ ಎರಡು ತಿಂಗಳ ಲಿಖಿತ ನೋಟೀಸು ಕೊಡಬೇಕು. ರಾಜ್ಯ ಸರ್ಕಾರಕ್ಕಾದರೆ ಕಾರ್ಯದರ್ಶಿಗೋ ಜಿಲ್ಲಾಧಿಕಾರಿಗೋ ಮುಟ್ಟಬೇಕು, ಅಧಿಕಾರಿಗಾದರೆ ಅವರ ಕಚೇರಿಗೆ. ತೀರಾ ತುರ್ತಾದರೆ ಕೋರ್ಟಿನ ಅಪ್ಪಣೆ ಪಡೆದು ನೋಟೀಸಿಲ್ಲದೆಯೂ ಹೋಗಬಹುದು. ನೋಟೀಸಿನಲ್ಲಿ ಸಣ್ಣಪುಟ್ಟ ಲೋಪವಿದ್ದರೆ ಅಷ್ಟಕ್ಕೇ ದಾವೆ ವಜಾ ಮಾಡಬಾರದು ಎಂದೂ ಅದೇ ಕಲಮು ಹೇಳುತ್ತದೆ. ಆದರೆ ನೋಟೀಸೇ ಇಲ್ಲದಿದ್ದರೆ? ಎದುರು ವಕೀಲರಿಗೆ ಅದೊಂದೇ ಸಾಕು. ನಗರಸಭೆ, ಪುರಸಭೆಗಳ ಮೇಲಿನ ದಾವೆಗೆ ಅವುಗಳ ಕಾಯ್ದೆಯದ್ದೇ ಬೇರೆ ನೋಟೀಸು ನಿಯಮವಿದೆ.

ಎರಡು, ಪೊಲೀಸರಿಗೆ ಸರ್ಕಾರ ಹಿಡಿದಿರುವ ಕೊಡೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಂತೆ, ಪೊಲೀಸ್ ಅಧಿಕಾರಿ ಕರ್ತವ್ಯದ ನೆಪದಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ ಕೆಲಸದ ಮೇಲೆ ಮೊಕದ್ದಮೆಯಾಗಲಿ ದಾವೆಯಾಗಲಿ ಹೂಡಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ದಾವೆಗಾದರೆ ಆ ಅಧಿಕಾರಿಗೆ ಒಂದು ತಿಂಗಳ ನೋಟೀಸೂ ಬೇಕು. ಬೆಂಗಳೂರಿನ ಠಾಣೆಯೊಂದರಲ್ಲಿ ಹೊಡೆದರೆಂಬ ಖಾಸಗಿ ದೂರು ಹಲವು ವರ್ಷ ಅಲೆದು, 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಈ ಅನುಮತಿ ಇಲ್ಲ ಎಂಬ ಕಾರಣಕ್ಕೇ. ಕರ್ತವ್ಯಕ್ಕೂ ಆ ಕೃತ್ಯಕ್ಕೂ ತಕ್ಕ ಸಂಬಂಧವಿದ್ದರೆ, ಅಧಿಕಾರ ಮೀರಿದ್ದರೂ ಅನುಮತಿ ಬೇಕೇ ಬೇಕು ಎಂದಿತು ಕೋರ್ಟು. ಹೊಡೆದದ್ದು ಸರಿಯೋ ತಪ್ಪೋ ಎಂಬ ವಿಚಾರಣೆ ಅಲ್ಲಿಗೆ ಬರಲೇ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಒಂದು ಒಳ್ಳೆಯ ಮಾತು ಸೇರಿದೆ: ಅಧಿಕಾರಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆಗೆ ಆ ಸಂಹಿತೆಯಡಿ ಅನುಮತಿ ಕೇಳಿದರೆ ಸರ್ಕಾರ 120 ದಿನದೊಳಗೆ ತೀರ್ಮಾನಿಸಬೇಕು, ಇಲ್ಲವಾದರೆ ಅನುಮತಿ ಕೊಟ್ಟಂತೆಯೇ. ಸಿವಿಲ್ ದಾವೆಗೆ ಅಂಥ ವಾಯಿದೆ ಇಲ್ಲ.

ಮೂರು, ಕಾಲಮಿತಿ. ಅಕ್ರಮವಾಗಿ ಕೂಡಿಹಾಕಿದ್ದಕ್ಕೆ, ಸುಳ್ಳು ಕೇಸು ಹಾಕಿ ಸತಾಯಿಸಿದ್ದಕ್ಕೆ, ಕಾಯ್ದೆಯ ಹೆಸರಲ್ಲಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಪರಿಹಾರ ಕೇಳುವ ದಾವೆಗೆ ಇರುವುದು ಒಂದೇ ವರ್ಷ. 'ಮೂರು ವರ್ಷ ಟೈಮ್ ಐತೆ ಬಿಡು' ಅಂತ ಕೂತವರ ದಾವೆ ಕೂತಲ್ಲೇ ಸಾಯುತ್ತದೆ. ಒಂದು ಸಮಾಧಾನವೆಂದರೆ, ನೋಟೀಸಿನ ಅವಧಿಯನ್ನೂ ಸರ್ಕಾರದ ಅನುಮತಿ ಪಡೆಯಲು ಹಿಡಿದ ಕಾಲವನ್ನೂ ಈ ಲೆಕ್ಕದಿಂದ ಕಳೆಯಬಹುದು.

ನೋಟೀಸು ಕೊಟ್ಟರೂ ಉತ್ತರ ಬರುತ್ತದೆಯೇ? ಬರುವುದು ಅಪರೂಪ. ಇಂಥ ನೋಟೀಸುಗಳಿಗೆ ಹೆಚ್ಚಾಗಿ ಉತ್ತರವೇ ಬರುವುದಿಲ್ಲ, ಬಂದರೂ ಹಾರಿಕೆಯ ಮಾತಿರುತ್ತದೆ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಬೇಸರಪಟ್ಟಿತು. ಉತ್ತರ ಕೊಡುವ ಹೊಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಇಲ್ಲದಿದ್ದರೆ ದಂಡವೆಚ್ಚ ಎಂದು ಎಲ್ಲ ಸರ್ಕಾರಗಳಿಗೂ ತಾಕೀತು ಮಾಡಿತು. ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಆ ಹೊಣೆ ಯಾರದು? ದಾವೆ ಹೂಡುವ ಮುಂಚೆ ಈ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿಟ್ಟುಕೊಂಡರೆ ಮುಂದೆ ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಯಾವ ವಜಾ ಅಂತ ಕೇಳಿ

ವಕೀಲರ ಗುಮಾಸ್ತರು ಫೋನ್ ಮಾಡಿ "ವಜಾ ಆಯ್ತು" ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ವಜಾ?' ಎಂಬುದು. ಒಂದೇ ಮಾತಿನೊಳಗೆ ಮೂರು ಸಂಗತಿ ಅಡಗಿವೆ. ಒಂದೊಂದಕ್ಕೂ ಮದ್ದು ಬೇರೆ.

ವಾದಿ ಗೈರುಹಾಜರಾದ ಕಾರಣಕ್ಕೆ ವಜಾ ಆಗಿದ್ದರೆ ಅದಕ್ಕೆ ಅಪೀಲು ಬೇಕಿಲ್ಲ. ಅದೇ ಕೋರ್ಟಿನಲ್ಲಿ 30 ದಿನದೊಳಗೆ ಅರ್ಜಿ ಕೊಟ್ಟು, ಬಾರದಿದ್ದುದಕ್ಕೆ ತಕ್ಕ ಕಾರಣ ತೋರಿಸಿದರೆ ದಾವೆಗೆ ಮರುಜೀವ ಬರುತ್ತದೆ. ಆಸ್ಪತ್ರೆಯ ಚೀಟಿ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳುವುದು ಇದಕ್ಕೇ.

ನೋಟೀಸಿಲ್ಲ, ಕಾನೂನಿನ ತಡೆ ಇದೆ ಎಂದು ವಾದಪತ್ರವನ್ನೇ ಕೋರ್ಟು ತಿರಸ್ಕರಿಸಿದ್ದರೆ ಎರಡು ದಾರಿಯುಂಟು. ತಿರಸ್ಕಾರವೇ ತಪ್ಪು ಎಂದಾದರೆ ಅಪೀಲು ಹಾಕಬಹುದು. ಲೋಪ ನಿಜವಾದರೆ ಅದನ್ನು ಸರಿಪಡಿಸಿ, ಕಾಲಮಿತಿ ಉಳಿದಿದ್ದರೆ ಹೊಸ ದಾವೆಯನ್ನೇ ಹೂಡಬಹುದು. ಯಾವುದು ಲಾಭ ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ವಕೀಲರ ಜೊತೆ ತೀರ್ಮಾನಿಸಬೇಕು.

ಸಾಕ್ಷಿ ವಿಚಾರಣೆಯೆಲ್ಲ ನಡೆದು, 'ವಾದಿ ತನ್ನ ಮಾತು ರುಜುವಾತು ಮಾಡಿಲ್ಲ' ಎಂದು ವಜಾ ಆಗಿದ್ದರೆ ಆಗ ನಿಜವಾದ ಮೊದಲ ಮೇಲ್ಮನವಿ. ಇದು ಬಲು ಬೆಲೆಯುಳ್ಳ ಹಕ್ಕು. ಮೊದಲ ಅಪೀಲಿನಲ್ಲಿ ಮೇಲಿನ ಕೋರ್ಟು ಸಾಕ್ಷಿಯನ್ನೂ ಕಾನೂನನ್ನೂ ಎರಡನ್ನೂ ಹೊಸದಾಗಿ ತೂಗಬೇಕು. ಅದಾದ ಮೇಲೆ ಹೈಕೋರ್ಟಿಗೆ ಎರಡನೇ ಅಪೀಲು ಹೋದರೆ, ಕಾನೂನಿನ ಗಂಭೀರ ಪ್ರಶ್ನೆ ಇದ್ದರಷ್ಟೇ ಕೇಳುತ್ತಾರೆ. 'ಸಾಕ್ಷಿ ಸರಿಯಾಗಿ ನೋಡ್ಲಿಲ್ಲ ಸ್ವಾಮಿ' ಎಂಬ ಮಾತು ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಆದ್ದರಿಂದ ಶಕ್ತಿಯೆಲ್ಲ ಹಾಕಬೇಕಾದದ್ದು ಮೊದಲ ಅಪೀಲಿಗೆ. ಇನ್ನೊಂದು ಎಚ್ಚರಿಕೆ: ಕೆಳಗಿನ ಕೋರ್ಟಿನಲ್ಲಿ ಹಾಜರುಪಡಿಸದ ರಸೀದಿ, ಫೋಟೋ, ಪಂಚನಾಮೆಯನ್ನು ಅಪೀಲಿನಲ್ಲಿ ಹೊಸದಾಗಿ ತರುತ್ತೇನೆಂದರೆ ಸುಲಭವಾಗಿ ಬಿಡುವುದಿಲ್ಲ. ಮನೆಯ ಬೀರುವಿನಲ್ಲಿ ಉಳಿದ ಕಾಗದ ಮೇಲಿನ ಕೋರ್ಟಿಗೆ ಕಾಣುವುದಿಲ್ಲ.

ಮೂವತ್ತು ದಿನದ ಲೆಕ್ಕ

ತಾಲ್ಲೂಕು ಕೋರ್ಟಿನ ಡಿಕ್ರಿಯ ಮೇಲೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು 30 ದಿನ. ಹೈಕೋರ್ಟಿಗಾದರೆ 90 ದಿನ. ಯಾವ ಕೋರ್ಟಿಗೆ ಎಂಬುದು ತೀರ್ಪು ಕೊಟ್ಟ ನ್ಯಾಯಾಧೀಶರ ದರ್ಜೆ ಮತ್ತು ದಾವೆಯ ಮೌಲ್ಯದ ಮೇಲೆ ನಿಂತಿದೆ.

ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆಯಬಹುದು. ಆದರೆ ಇಲ್ಲೇ ಬಹಳ ಜನ ಮೋಸ ಹೋಗುವುದು. ಉದಾಹರಣೆಗೆ ಜೂನ್ 1ರಂದು ದಾವೆ ವಜಾ ಆಯಿತು ಎನ್ನಿ. ನಕಲಿಗೆ ಅರ್ಜಿ ಹಾಕಿದ್ದು ಜೂನ್ 8, ನಕಲು ಸಿದ್ಧವಾದದ್ದು ಜೂನ್ 22. ಆ 15 ದಿನ ಲೆಕ್ಕಕ್ಕಿಲ್ಲ. ಜುಲೈ 1ಕ್ಕೆ ಮುಗಿಯಬೇಕಿದ್ದ ವಾಯಿದೆ ಜುಲೈ 16ಕ್ಕೆ ಹೋಗುತ್ತದೆ. ಆದರೆ ಅರ್ಜಿ ಹಾಕದೆ ಕಳೆದ ಮೊದಲ ವಾರ ಲೆಕ್ಕಕ್ಕುಂಟು. ನಕಲು ಸಿದ್ಧವಾಗಿದ್ದರೂ 'ಮುಂದಿನ ಸಂತೆಗೆ ಹೋದಾಗ ತಂದರಾಯ್ತು' ಎಂದು ಬಿಟ್ಟ ದಿನಗಳೂ ಲೆಕ್ಕಕ್ಕುಂಟು. ತೀರ್ಪು ಬಂದ ದಿನವೇ, ಬಸ್ಸು ಹತ್ತುವ ಮುಂಚೆ, ನಕಲಿನ ಅರ್ಜಿ ಹಾಕಿಸುವುದು ಜಾಣತನ.

ತಡವಾದರೆ ಬಾಗಿಲು ಪೂರ್ತಿ ಮುಚ್ಚಿತೇ? ಇಲ್ಲ. ತಕ್ಕ ಕಾರಣ ಹೇಳಿ ವಿಳಂಬ ಮನ್ನಿಸಿ ಎಂದು ಕೇಳಬಹುದು. ಮನ್ನಿಸುವುದು ಬಿಡುವುದು ಕೋರ್ಟಿನ ವಿವೇಚನೆ. ಅಂದಹಾಗೆ ತಡ ಮಾಡುವುದರಲ್ಲಿ ಸರ್ಕಾರವೇನೂ ಹಿಂದೆ ಬಿದ್ದಿಲ್ಲ. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಕೋರ್ಟು ಅರ್ಜಿಯನ್ನು ವಜಾ ಮಾಡಿ, ನ್ಯಾಯಾಂಗದ ಕಾಲ ಹಾಳು ಮಾಡಿದ್ದಕ್ಕೆ 25,000 ರೂಪಾಯಿ ದಂಡ ಹಾಕಿ, ಅದನ್ನು ತಡ ಮಾಡಿದ ಅಧಿಕಾರಿಗಳಿಂದಲೇ ವಸೂಲು ಮಾಡಿ ಎಂದಿತು.

ಅಪೀಲು ಹಾಕಿದರೆ ಜೆಸಿಬಿ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಅಂಗಡಿ ಸಾಲಿನವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ದಾವೆ ವಜಾ ಆದ ಕ್ಷಣ ಅದರೊಳಗಿನ ತಾತ್ಕಾಲಿಕ ತಡೆಯಾಜ್ಞೆಯೂ ಹೋಯಿತು. ಅಪೀಲಿನ ಜೊತೆಗೇ ತಡೆಯಾಜ್ಞೆಗೆ ಬೇರೆ ಅರ್ಜಿ ಕೊಟ್ಟು ಆದೇಶ ಪಡೆಯಬೇಕು. ಅಪೀಲು ಫೈಲಾಗಿದೆ ಎಂಬ ರಸೀದಿ ತೋರಿಸಿದರೆ ಯಾವ ಯಂತ್ರವೂ ಹಿಂದಕ್ಕೆ ಹೋಗುವುದಿಲ್ಲ.

ಆದರೆ ಯಂತ್ರದ ಹಿಂದೆ ನಿಂತವರಿಗೂ ಈಗ ಬಿಸಿ ತಟ್ಟಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಕಟ್ಟಡ ಕೆಡಹುವ ವಿಷಯದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಹಾಕಿತು. ಕೆಡಹುವ ಮುಂಚೆ ಕನಿಷ್ಠ 15 ದಿನದ ನೋಟೀಸು ಕೊಡಬೇಕು, ಮಾಲೀಕನ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ನಿಯಮ ಮೀರಿ ಕೆಡವಿದರೆ ಅಧಿಕಾರಿ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕಾದೀತು, ಪರಿಹಾರವೂ ಬೇರೆ. ಹಾಗೆಂದು ರಸ್ತೆ, ಫುಟ್‌ಪಾತು, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಸ್ವಂತ ಪಹಣಿ, ಖಾತೆ ಇರುವವನಿಗೂ ಚರಂಡಿ ಮೇಲೆ ತಗಡು ಇಳಿಬಿಟ್ಟವನಿಗೂ ಕಾನೂನು ಒಂದೇ ತಕ್ಕಡಿ ಹಿಡಿಯುವುದಿಲ್ಲ.

ಇನ್ನೊಂದು ದಾರಿ

ಸಿವಿಲ್ ದಾವೆಯೊಂದೇ ಗತಿಯಲ್ಲ. ಸಂವಿಧಾನ ಕೊಟ್ಟ ಮೂಲಭೂತ ಹಕ್ಕಿಗೇ ಧಕ್ಕೆಯಾಗಿದ್ದರೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. 1983ರಲ್ಲಿ, ಬಿಡುಗಡೆಯಾಗಬೇಕಿದ್ದರೂ 14 ವರ್ಷ ಬಿಹಾರದ ಜೈಲಿನಲ್ಲೇ ಕೊಳೆತ ಮನುಷ್ಯನಿಗೆ ಸುಪ್ರೀಂ ಕೋರ್ಟು ಪರಿಹಾರ ಕೊಡಿಸಿದಂದಿನಿಂದ ಈ ದಾರಿ ಸವೆದಿದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಕಾನೂನು ವಿದ್ಯಾರ್ಥಿಯೊಬ್ಬನಿಗೆ ವಿನಾಕಾರಣ ಕೈಕೋಳ ತೊಡಿಸಿದ್ದಕ್ಕೆ 2 ಲಕ್ಷ ರೂಪಾಯಿ ಕೊಡಿಸಿತು. ಏಕಸದಸ್ಯ ಪೀಠದಲ್ಲಿ ರಿಟ್ ವಜಾ ಆದರೆ ಅದೇ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಉಂಟು. ಆದರೆ ಸಾಕ್ಷಿ ಕರೆದು ಜಗಳ ಬಿಡಿಸಬೇಕಾದ ವಿಷಯವಾದರೆ 'ಸಿವಿಲ್ ಕೋರ್ಟಿಗೆ ಹೋಗಪ್ಪ' ಎಂದು ಹೈಕೋರ್ಟು ವಾಪಸು ಕಳಿಸುವುದೂ ಉಂಟು.

ಚಿತ್ರದುರ್ಗ ಜಿಲ್ಲೆಗೆ ಹೈಕೋರ್ಟು ಎಂದರೆ ಬೆಂಗಳೂರು. ಹೋಗಿಬರುವ ಬಸ್ ಚಾರ್ಜು, ಒಂದು ದಿನದ ವ್ಯಾಪಾರ, ವಕೀಲರ ಫೀಜು ಸೇರಿದರೆ ಬಡವನ ಬೆನ್ನು ಬಾಗುತ್ತದೆ. ಅದಕ್ಕೇ 1987ರ ಕಾನೂನು ಸೇವೆಗಳ ಕಾಯ್ದೆ ಇರುವುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಮಿಕರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಪುಕ್ಕಟೆ ವಕೀಲರನ್ನು ಕೇಳಬಹುದು. ದಾವೆಗಷ್ಟೇ ಅಲ್ಲ, ಅಪೀಲಿಗೂ. ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿ, ಚಿತ್ರದುರ್ಗದಲ್ಲಿ ಜಿಲ್ಲಾ ಪ್ರಾಧಿಕಾರ. ಕೋರ್ಟ್ ಫೀ ಕಟ್ಟುವ ಶಕ್ತಿಯೇ ಇಲ್ಲದವರು ನಿರ್ಗತಿಕರೆಂದು ಅನುಮತಿ ಪಡೆದು ಅಪೀಲು ಹಾಕಲೂ ಅವಕಾಶವಿದೆ.

ಕೊನೆಗೆ ಉಳಿಯುವುದು

ವಜಾ ಆದ ಎಲ್ಲ ದಾವೆಯೂ ನ್ಯಾಯದ ದಾವೆಯಲ್ಲ. ಕಂದಾಯ ಕಟ್ಟದೆ ತಪ್ಪಿಸಿಕೊಳ್ಳಲು, ಒತ್ತುವರಿ ಉಳಿಸಿಕೊಳ್ಳಲು, ನೆಟ್ಟಗೆ ಕೆಲಸ ಮಾಡುವ ಅಧಿಕಾರಿಯ ಕೈ ಕಟ್ಟಿಹಾಕಲು ಹೂಡಿದ ಕೇಸುಗಳೂ ಇರುತ್ತವೆ. ನೋಟೀಸು, ಅನುಮತಿಗಳ ಬೇಲಿ ಹಾಕಿರುವುದು ಅಂಥವರಿಗಾಗಿ ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೆ ಬೇಲಿ ದನಕ್ಕೆ ಅಡ್ಡವಾಗಬೇಕೇ ಹೊರತು ಹೊಲದ ಒಡೆಯನಿಗಲ್ಲ. ಅನುಮತಿ ಕೇಳಿದ ಪತ್ರ ವಿಧಾನಸೌಧದಲ್ಲಿ ಧೂಳು ತಿನ್ನುತ್ತಾ ಕೂತರೆ, ನೋಟೀಸಿಗೆ ಜಿಲ್ಲಾ ಕಚೇರಿ ಎರಡು ತಿಂಗಳು ಉತ್ತರವನ್ನೇ ಕೊಡದಿದ್ದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕ್ರಿಮಿನಲ್ ಮೊಕದ್ದಮೆಗೆ ಹಾಕಿದ 120 ದಿನದ ವಾಯಿದೆಯನ್ನು ಪೊಲೀಸ್ ಕಾಯ್ದೆಯ ದಾವೆಗೂ ಹಾಕಲು ರಾಜ್ಯ ಶಾಸನಸಭೆಗೆ ಅಡ್ಡಿಯೇನು? ಜಿಲ್ಲೆಯಿಂದ ಆರಿಸಿಹೋದ ಶಾಸಕರು ಇದಕ್ಕೆ ಉತ್ತರ ಹೇಳಬೇಕು.

ಅಲ್ಲಿಯವರೆಗೆ ಹಿರಿಯೂರಿನ ಅಂಗಡಿಯವರಿಗೂ ಹೊಳಲ್ಕೆರೆಯ ರೈತನಿಗೂ ಉಳಿದಿರುವುದು ಮೂರು ಕೆಲಸ. ಯಾವ ಬಗೆಯ ವಜಾ ಎಂದು ತಿಳಿದುಕೊಳ್ಳುವುದು, ಅಂದೇ ನಕಲಿಗೆ ಅರ್ಜಿ ಹಾಕುವುದು, ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತನೇ ದಿನಕ್ಕೆ ಕೆಂಪು ಗೀಟು ಎಳೆಯುವುದು. ಟೀ ಅಂಗಡಿಯ ತೀರ್ಪಿಗೆ ಅಪೀಲಿಲ್ಲ. ಕೋರ್ಟಿನ ತೀರ್ಪಿಗೆ ಉಂಟು.